ಸಂಗೀತದ ಬೀರುವಿಗೆ ಗಾಳಿಯೂ ಬಾಗಿಲೂ



ಈ ದಿನ ನಾನು ಪ್ರಸ್ತಾಪಿಸಬೇಕೆಂದಿರುವ ವಿಷಯವು ನೋಡುವುದಕ್ಕೆ ಬಹು ಸಣ್ಣದು. ಮನೆಯಲ್ಲಿ ಸಂಗೀತವನ್ನು ಕೇಳುವುದಕ್ಕಾಗಿ ನಾವು ಇರಿಸಿಕೊಂಡಿರುವ ಯಂತ್ರಗಳನ್ನು ಮರದ ಬೀರುವಿನಲ್ಲಿಟ್ಟಾಗ, ಅದರೊಳಕ್ಕೆ ಗಾಳಿಯು ಹೇಗೆ ಬಂದು ಹೋಗಬೇಕು, ನಮ್ಮ ಕೈಯು ಹೇಗೆ ಬಂದು ಹೋಗಬೇಕು ಎಂಬುದಷ್ಟೇ ಆ ವಿಷಯ. ಇದು ಬಡಗಿಗೂ ಯಂತ್ರ ರಿಪೇರಿ ಮಾಡುವವನಿಗೂ ಸಂಬಂಧಪಟ್ಟ ಮಾತು, ಸಾಹಿತ್ಯ ಸಂಗೀತಗಳಲ್ಲಿ ಅಭಿರುಚಿಯುಳ್ಳ ನಮಗೇಕೆ ಎಂದು ತಾವು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯು ನನ್ನ ಭಾವನೆಯನ್ನು ತಿದ್ದಿತು. ಮೊದಲು ಅದನ್ನು ಅರಿಕೆಮಾಡಿ, ಆಮೇಲೆ ಶಾಸ್ತ್ರಕ್ಕೆ ಬರುತ್ತೇನೆ.

ನಮ್ಮ ಮನೆಯಿರುವುದು ಮೈಸೂರಿನಲ್ಲಿ. ನಡುಮನೆಯ ಗೋಡೆಗೆ ಒರಗಿಕೊಂಡಂತೆ ನಮ್ಮ ಅಜ್ಜಿಯವರ ಕಾಲದ ತೇಗದ ಬೀರು ಒಂದುಂಟು. ಆಳೆತ್ತರದ್ದು, ಎರಡು ಬಾಗಿಲಿನದು. ಕೆಲವು ವರ್ಷಗಳ ಹಿಂದೆ ನಾನು ಅದರಲ್ಲಿದ್ದ ಬಟ್ಟೆಬರೆಗಳನ್ನು ಬೇರೆಡೆಗೆ ಸಾಗಿಸಿ, ಆಂಪ್ಲಿಫೈಯರು, ಕ್ಯಾಸೆಟ್ ನುಡಿಸುವ ಯಂತ್ರ, ರೇಡಿಯೋ, ಟೆಲಿವಿಷನ್ನಿನ ಚಿಕ್ಕ ಪೆಟ್ಟಿಗೆ ಇವೆಲ್ಲವನ್ನೂ ಅದರ ಖಾನೆಗಳಲ್ಲಿ ಜೋಡಿಸಿದೆನು. ಸ್ಪೀಕರುಗಳೆರಡನ್ನು ಮಾತ್ರ ಹೊರಗೆ, ಕೋಣೆಯ ಎರಡು ಮೂಲೆಗಳಲ್ಲಿ ನಿಲ್ಲಿಸಿದೆನು. ಬೀರುವಿನ ಬಾಗಿಲನ್ನು ಮುಚ್ಚಿದರೆ ಯಂತ್ರವೊಂದೂ ಕಾಣದು. ಸಂಗೀತವು ಎಲ್ಲಿಂದಲೋ ಹೊರಡುವಂತೆ ತೋರುತ್ತಿತ್ತು. ಬಂದ ನೆಂಟರಿಷ್ಟರು ಹೊಗಳಿದರು. ನನಗೂ ಹೆಮ್ಮೆಯಾಯಿತು.

ನಮ್ಮ ತಂದೆಯವರು ಪಿಟೀಲು ನುಡಿಸುತ್ತಿದ್ದರು. ಕಛೇರಿಗಳಲ್ಲಿ ಅಲ್ಲ, ಮನೆಯಲ್ಲಿ. ಅದನ್ನು ಕ್ಯಾಸೆಟ್ಟುಗಳಲ್ಲಿ ಮುದ್ರಿಸಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ನಮ್ಮ ತಾಯಿಯವರು ದಿನವೂ ಬೆಳಗಿನ ಜಾವದಲ್ಲಿ ಎದ್ದು, ಒಂದು ಕ್ಯಾಸೆಟ್ಟನ್ನು ಹಾಕಿಕೊಂಡು, ದೀಪ ಹಚ್ಚಿ ಕುಳಿತು ಕೇಳುವುದನ್ನು ರೂಢಿಮಾಡಿಕೊಂಡಿದ್ದರು. ಒಂದು ವರ್ಷ ಏಪ್ರಿಲ್ ತಿಂಗಳಲ್ಲಿ ಆ ಸದ್ದು ನಿಂತುಹೋಯಿತು. ಕೇಳಿದ್ದಕ್ಕೆ, "ಯಾಕೋ ಬೇಡವೆನ್ನಿಸಿತಪ್ಪ" ಎಂದರು. ವಯಸ್ಸಾದವರ ಮನಸ್ಸು ಎಂದುಕೊಂಡು ನಾನು ಸುಮ್ಮನಾದೆನು. ನಿಜವು ಹೊರಬಿದ್ದುದು ಒಂದು ತಿಂಗಳ ಮೇಲೆ. ಒಂದು ಬೆಳಿಗ್ಗೆ ನುಡಿಯುತ್ತ ನುಡಿಯುತ್ತಲೇ ಯಂತ್ರವು ಸ್ತಬ್ಧವಾಯಿತಂತೆ. ಬೀರುವಿನೊಳಗಿಂದ ಸುಟ್ಟ ವಾಸನೆಯೂ ಬಂದಿತಂತೆ. ಸ್ವಿಚ್ಚನ್ನು ಆರಿಸೋಣವೆಂದರೆ ಅದು ಬೀರುವಿನ ಹಿಂದೆ, ಗೋಡೆಯಲ್ಲಿ. ಅವರ ಕೈ ಅಲ್ಲಿಗೆ ಎಟುಕಲಿಲ್ಲ. "ನಾನೇ ಏನೋ ಒತ್ತಿ ಕೆಡಿಸಿಬಿಟ್ಟೆನೇನೋ ಎಂದು ಹೆದರಿದೆ. ನಿನಗೆ ಹೇಳಿದರೆ ನೊಂದುಕೊಳ್ಳುತ್ತೀಯೆ ಎಂದು ಸುಮ್ಮನಿದ್ದೆ" ಎಂದರು.

ರಿಪೇರಿ ಮಾಡುವವರು ಬಂದು ಬಿಚ್ಚಿ ನೋಡಿದಾಗ ಆಂಪ್ಲಿಫೈಯರಿನ ಒಳಗಿನ ಕೆಲವು ಕೆಪಾಸಿಟರುಗಳ ತಲೆಯು ಉಬ್ಬಿತ್ತು. "ಯಂತ್ರದ ದೋಷವಲ್ಲ, ಬೇಯಿಸಿದ್ದೀರಿ" ಎಂದು ಅವರು ಒಂದೇ ಮಾತಿನಲ್ಲಿ ಹೇಳಿದರು. ಕೆಡಿಸಿದವರು ತಾಯಿಯವರಲ್ಲ, ನಾನು ಹೊಗಳಿಸಿಕೊಂಡ ಆ ಬೀರು. ಗಾಳಿಗೆ ದಾರಿಯಿಲ್ಲದೆ ಯಂತ್ರವು ಬೆಂದಿತು. ಕೈಗೆ ದಾರಿಯಿಲ್ಲದೆ ಒಬ್ಬ ವೃದ್ಧೆಯು ತಾನು ಮಾಡದ ತಪ್ಪನ್ನು ತಿಂಗಳು ಕಾಲ ಹೊತ್ತುಕೊಂಡಿದ್ದರು. ಈ ಎರಡು ದೋಷಗಳಿಗೂ ಮೂಲವು ಒಂದೇ ಸ್ಥಳದಲ್ಲಿತ್ತು: ಯಾರೂ ನೋಡದ ಬೀರುವಿನ ಬೆನ್ನಿನಲ್ಲಿ.

ನಮ್ಮ ಹಿರಿಯರು ಈ ಬೆನ್ನಿನ ವಿಷಯದಲ್ಲಿ ನಮಗಿಂತ ಬುದ್ಧಿವಂತರಾಗಿದ್ದರು. ೧೯೩೫ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಕಾಲದ ರೇಡಿಯೋಗಳು ವಾಲ್ವುಗಳ ರೇಡಿಯೋಗಳು. ವಾಲ್ವು ಎಂದರೆ ಒಳಗೆ ತಂತಿಯು ಕೆಂಪಗೆ ಕಾಯುತ್ತಿರುವ ಗಾಜಿನ ಬುರುಡೆ. ಅಂಥವು ನಾಲ್ಕೈದು ಒಂದು ಪೆಟ್ಟಿಗೆಯಲ್ಲಿದ್ದರೆ ಅದು ಸಣ್ಣದೊಂದು ಒಲೆಯೇ ಸರಿ. ಆದಕಾರಣ ಆ ರೇಡಿಯೋಗಳ ಮುಂಭಾಗವು ಮೆರುಗೆಣ್ಣೆ ಹಚ್ಚಿದ ಮರದ್ದಾಗಿದ್ದರೂ, ಹಿಂಭಾಗವು ತೂತುಗಳಿಂದ ತುಂಬಿದ ತೆಳುವಾದ ರಟ್ಟಿನಂಥ ಹಲಗೆಯಾಗಿರುತ್ತಿತ್ತು. ನಾಲ್ಕು ತಿರುಪುಗಳನ್ನು ಬಿಚ್ಚಿದರೆ ಅದು ಕೈಗೆ ಬರುತ್ತಿತ್ತು. ತೂತುಗಳು ಗಾಳಿಗೆ, ತಿರುಪುಗಳು ಕೈಗೆ. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಕ್ರಮೇಣ ಕೆಂಪಗೆ ಕಾಯುವ ಬುರುಡೆಗಳು ಮನೆಗಳಿಂದ ಮರೆಯಾದುವು. ಕಣ್ಣಿಗೆ ಬೆಂಕಿಯು ಕಾಣದಾದ ಮೇಲೆ ಶಾಖವೇ ಇಲ್ಲವೆಂದು ನಾವು ತಿಳಿದೆವು. ಅದು ಭ್ರಾಂತಿ.

ಶಾಖವು ಎಲ್ಲಿಂದ ಬರುತ್ತದೆ? ಗೋಡೆಯಿಂದ ಯಂತ್ರವು ಹೀರಿಕೊಳ್ಳುವ ವಿದ್ಯುಚ್ಛಕ್ತಿಯಲ್ಲಿ ಸ್ಪೀಕರಿಗೆ ಹೋಗುವ ಪಾಲನ್ನು ಕಳೆದು ಉಳಿದುದೆಲ್ಲವೂ ಶಾಖವಾಗಿ ಪೆಟ್ಟಿಗೆಯಲ್ಲಿಯೇ ನಿಲ್ಲುತ್ತದೆ. ‘ಬಿ’ ವರ್ಗವೆಂದು ಕರೆಯುವ ಆಂಪ್ಲಿಫೈಯರು, ಶಾಸ್ತ್ರದ ಲೆಕ್ಕದಂತೆ, ತನ್ನ ಪೂರ್ಣ ಸಾಮರ್ಥ್ಯದಲ್ಲಿ ನುಡಿದಾಗ ಹೆಚ್ಚೆಂದರೆ ನೂರಕ್ಕೆ ೭೮.೫ ಪಾಲನ್ನು ಸ್ಪೀಕರಿಗೆ ಒಪ್ಪಿಸಬಲ್ಲದು. ನಾವು ಮನೆಯಲ್ಲಿ ಕೇಳುವುದು ಪೂರ್ಣ ಸಾಮರ್ಥ್ಯದಲ್ಲಿ ಅಲ್ಲ, ಮೆಲುದನಿಯಲ್ಲಿ. ಆಗ ಸ್ಪೀಕರಿಗೆ ಹೋಗುವುದು ಒಂದೆರಡು ವಾಟ್ ಮಾತ್ರ. ಮೀಟರಿಟ್ಟು ಅಳೆದಾಗ ನಮ್ಮ ಬೀರುವಿನ ಯಂತ್ರಗಳೆಲ್ಲವೂ ಸೇರಿ ಸುಮಾರು ೬೦ ವಾಟ್ ಹೀರುತ್ತಿದ್ದುವು. ಎಂದರೆ, ಹಿಂದಿನ ಕಾಲದ ೬೦ ವಾಟಿನ ದೀಪವೊಂದನ್ನು ಮುಚ್ಚಿದ ಬೀರುವಿನಲ್ಲಿ ಗಂಟೆಗಟ್ಟಲೆ ಉರಿಸಿದಂತೆ. ಈಚೆಗೆ ಬಂದಿರುವ ‘ಡಿ’ ವರ್ಗದ ಆಂಪ್ಲಿಫೈಯರುಗಳು ಇಷ್ಟು ಶಾಖವನ್ನು ಹೊರಡಿಸುವುದಿಲ್ಲ. ಹೊಸದಾಗಿ ಕೊಳ್ಳುವವರು ಇದನ್ನು ಗಮನಿಸಬಹುದು.

ಈ ಶಾಖಕ್ಕೆ ಹೊರಹೋಗಲು ಮರದ ಗೋಡೆಯೊಂದೇ ದಾರಿಯಾದರೆ ಅದು ಬಹಳ ನಿಧಾನವಾದ ದಾರಿ. ಮರವು ಶಾಖವನ್ನು ಸುಲಭವಾಗಿ ಸಾಗಿಸುವ ವಸ್ತುವಲ್ಲ. ಬಿಸಿ ಪಾತ್ರೆಯ ಹಿಡಿಗೆ ಮರವನ್ನು ಹಾಕುವುದು ಆ ಕಾರಣದಿಂದಲೇ ಅಲ್ಲವೇ? ಕೋಣೆಯಲ್ಲಿ ೩೩ ಡಿಗ್ರಿ ಸೆಂಟಿಗ್ರೇಡ್ ಇದ್ದ ಒಂದು ಸಂಜೆ, ಎರಡು ಗಂಟೆಗಳ ಕಾಲ ಬಾಗಿಲು ಮುಚ್ಚಿ ನುಡಿಸಿದ ಮೇಲೆ ಬೀರುವಿನೊಳಗಿನ ಉಷ್ಣಮಾಪಕವು ೫೨ ಡಿಗ್ರಿಯನ್ನು ತೋರಿಸಿತು. ಅದು ಬೀರುವಿನೊಳಗಿನ ಗಾಳಿಯ ಉಷ್ಣತೆ. ಆಂಪ್ಲಿಫೈಯರಿನ ಒಡಲೊಳಗೆ ಅದಕ್ಕಿಂತ ಹೆಚ್ಚು. ಅದು ೬೫ರ ಸುಮಾರಿನಲ್ಲಿತ್ತೆಂದು ಇಟ್ಟುಕೊಳ್ಳೋಣ.

ಇದರ ಫಲವನ್ನು ಲೆಕ್ಕಹಾಕಿ ನೋಡಬಹುದು. ಯಂತ್ರಗಳೊಳಗೆ ವಿದ್ಯುತ್ತನ್ನು ಹಿಡಿದಿಟ್ಟು ಹದಮಾಡಿ ಕೊಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿ ಒಂದು ಬಗೆಯ ದ್ರವವಿರುತ್ತದೆ. ಶಾಖದಿಂದ ಅದು ಮೆಲ್ಲಮೆಲ್ಲನೆ ಆರಿಹೋಗುತ್ತದೆ. ಉಷ್ಣತೆಯು ೧೦ ಡಿಗ್ರಿ ಇಳಿದರೆ ಇವುಗಳ ಆಯುಸ್ಸು ಸುಮಾರಾಗಿ ಎರಡರಷ್ಟಾಗುತ್ತದೆ, ೧೦ ಡಿಗ್ರಿ ಏರಿದರೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಒಪ್ಪಿರುವ ಸ್ಥೂಲ ನಿಯಮ. ೮೫ ಡಿಗ್ರಿಯಲ್ಲಿ ೨,೦೦೦ ಗಂಟೆ ಬಾಳುವುದೆಂದು ಗುರುತು ಹಾಕಿದ ಕೆಪಾಸಿಟರು ೬೫ ಡಿಗ್ರಿಯಲ್ಲಿ ೮,೦೦೦ ಗಂಟೆ ಬಾಳೀತು. ದಿನಕ್ಕೆ ನಾಲ್ಕು ಗಂಟೆಯಂತೆ ನುಡಿಸಿದರೆ ಅದು ಐದೂವರೆ ವರ್ಷದ ಮಾತು. ಅದೇ ಕೆಪಾಸಿಟರು ೫೫ ಡಿಗ್ರಿಯಲ್ಲಿದ್ದರೆ ೧೬,೦೦೦ ಗಂಟೆ, ಅಂದರೆ ಹನ್ನೊಂದು ವರ್ಷ ಬಾಳೀತು. ಯಂತ್ರವನ್ನು ಬದಲಾಯಿಸದೆ, ಕೇವಲ ಗಾಳಿಯಾಡುವಂತೆ ಮಾಡಿ ಹತ್ತು ಡಿಗ್ರಿಯನ್ನು ಇಳಿಸಿದರೆ ಐದೂವರೆ ವರ್ಷದ ಆಯುಸ್ಸು ನಮಗೆ ಲಾಭ. ಶಾಖವು ಮಿತಿಮೀರಿದಾಗ ತಾನಾಗಿಯೇ ನಿಂತುಹೋಗುವ ಏರ್ಪಾಡು ಅನೇಕ ಆಂಪ್ಲಿಫೈಯರುಗಳಲ್ಲಿ ಉಂಟು. ಹಾಗೆ ನಿಂತಾಗ ಅದು ಕೆಟ್ಟಿತೆಂದು ಅರ್ಥವಲ್ಲ, ಎಚ್ಚರಿಕೆ ಕೊಟ್ಟಿತೆಂದು ಅರ್ಥ.

ಇನ್ನು ಗಾಳಿಯ ಸ್ವಭಾವವನ್ನು ವಿಚಾರಮಾಡೋಣ. ನಮ್ಮ ಹಳೆಯ ಮನೆಗಳ ಕೋಣೆಗಳಲ್ಲಿ ಕೆಳಗೆ ಕಿಟಕಿಯೂ ಮೇಲೆ ಸೂರಿನ ಹತ್ತಿರ ಗವಾಕ್ಷಿಯೂ ಇರುತ್ತಿದ್ದುವು. ಬಿಸಿಯಾದ ಗಾಳಿಯು ಹಗುರವಾಗಿ ಮೇಲಕ್ಕೇರಿ ಗವಾಕ್ಷಿಯಿಂದ ಹೊರಟುಹೋಗುವುದು. ಅದರ ಸ್ಥಾನವನ್ನು ತುಂಬುವುದಕ್ಕೆ ಕಿಟಕಿಯಿಂದ ತಂಪಾದ ಗಾಳಿಯು ಒಳಬರುವುದು. ಕಿಟಕಿಯೊಂದೇ ಇದ್ದರೂ ಸಾಲದು, ಗವಾಕ್ಷಿಯೊಂದೇ ಇದ್ದರೂ ಸಾಲದು. ಬೀರುವಿಗೂ ಇದೇ ನ್ಯಾಯ. ತಳದಲ್ಲಿ ಒಂದು ದ್ವಾರ, ತಲೆಯಲ್ಲಿ ಒಂದು ದ್ವಾರ, ನಡುವೆ ಅಡ್ಡಿಯಿಲ್ಲದ ಹಾದಿ: ಈ ಮೂರೂ ಇರಬೇಕು. ಎರಡು ದ್ವಾರಗಳ ನಡುವಣ ಎತ್ತರವು ಹೆಚ್ಚಿದಷ್ಟೂ ಗಾಳಿಯ ಸೆಳೆತವು ಹೆಚ್ಚುತ್ತದೆ. ಎತ್ತರವು ನಾಲ್ಕರಷ್ಟಾದರೆ ಹರಿವು ಎರಡರಷ್ಟಾಗುತ್ತದೆ. ಬೆನ್ನಿನ ನಟ್ಟನಡುವೆ ಒಂದು ದೊಡ್ಡ ತೂತನ್ನು ಕೊರೆದು ಕೆಲಸ ಮುಗಿಯಿತೆಂದು ಭಾವಿಸುವವರು ಈ ಎತ್ತರದ ಲಾಭವನ್ನು ಕಳೆದುಕೊಳ್ಳುತ್ತಾರೆ.

ದ್ವಾರಗಳು ಎಷ್ಟು ದೊಡ್ಡವಾಗಿರಬೇಕು? ಸಮುದ್ರಮಟ್ಟದಲ್ಲಿ ಒಂದು ಲೀಟರು ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು ೧.೨ ಜೌಲ್ ಶಾಖವು ಬೇಕು. ಆದುದರಿಂದ ೬೦ ವಾಟ್ ಶಾಖವನ್ನು, ಒಳಗಿನ ಗಾಳಿಯು ಹೊರಗಿನದಕ್ಕಿಂತ ೧೦ ಡಿಗ್ರಿಯಷ್ಟೇ ಹೆಚ್ಚು ಬಿಸಿಯಾಗುವಂತೆ ಸಾಗಿಸಬೇಕಾದರೆ ಸೆಕೆಂಡಿಗೆ ಐದು ಲೀಟರು ಗಾಳಿ ಹರಿಯಬೇಕು. ಮೈಸೂರು ಬೆಂಗಳೂರುಗಳು ಎತ್ತರದ ಊರುಗಳು. ಇಲ್ಲಿಯ ಗಾಳಿಯು ಕರಾವಳಿಯದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳು. ಆದಕಾರಣ ಇಲ್ಲಿ ಐದೂವರೆ ಲೀಟರು ಎಂದಿಟ್ಟುಕೊಳ್ಳೋಣ. ಎರಡು ದ್ವಾರಗಳ ನಡುವೆ ಅರ್ಧ ಮೀಟರು ಎತ್ತರವಿದ್ದರೆ, ಬೀಸಣಿಗೆಯ ಸಹಾಯವಿಲ್ಲದೆ ಇಷ್ಟು ಗಾಳಿಯು ತಾನಾಗಿ ಹರಿಯುವುದಕ್ಕೆ ಒಂದೊಂದು ದ್ವಾರವೂ ೨೦೦ರಿಂದ ೨೫೦ ಚದರ ಸೆಂಟಿಮೀಟರು ಇರಬೇಕು. ೫೦ ಸೆಂಟಿಮೀಟರು ಉದ್ದ, ೫ ಸೆಂಟಿಮೀಟರು ಅಗಲದ ಒಂದು ಸೀಳು ಎಂದರೆ ೨೫೦ ಚದರ ಸೆಂಟಿಮೀಟರಾಯಿತು. ಬೆರಳು ತೂರುವಷ್ಟು ನಾಲ್ಕು ತೂತುಗಳನ್ನು ಕೊರೆದು ತೃಪ್ತರಾಗುವವರು ಈ ಅಂಕಿಯನ್ನು ನೆನಪಿನಲ್ಲಿಡಬೇಕು. ದ್ವಾರಕ್ಕೆ ಜಾಲರಿಯನ್ನೋ ಬೆತ್ತದ ಹೆಣಿಗೆಯನ್ನೋ ಹೊದಿಸುವುದಾದರೆ ಅದರಲ್ಲಿ ತೆರಪಿರುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಅರ್ಧ ಭಾಗ ತೆರಪಿದ್ದರೆ ದ್ವಾರವು ಎರಡರಷ್ಟು ದೊಡ್ಡದಾಗಬೇಕು.

ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡು ನಾನು ಬಡಗಿಯವರನ್ನು ಕರೆಸಿದೆನು. ಆದರೆ ಅಜ್ಜಿಯವರ ಬೀರುವಿಗೆ ಗರಗಸವನ್ನು ಹಚ್ಚುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಬೀರುವನ್ನು ಮೊದಲಿನಂತೆ ಬಟ್ಟೆಗೇ ಬಿಟ್ಟು, ಯಂತ್ರಗಳಿಗೆ ಕಬ್ಬಿಣದ ಕಪಾಟನ್ನು ತಂದರಾಗದೇ ಎಂದು ಯೋಚಿಸುತ್ತ ನಿಂತೆನು. ಆಗ ತಾಯಿಯವರು ಹೇಳಿದರು: "ನಮ್ಮ ಅತ್ತೆಯವರು ಇದರಲ್ಲಿ ರೇಷ್ಮೆ ಸೀರೆಗಳನ್ನಿಡುತ್ತಿದ್ದರು. ತಿಂಗಳಿಗೊಂದು ಸಲ ಎರಡು ಬಾಗಿಲನ್ನೂ ತೆರೆದು ಗಾಳಿಗೆ ಬಿಡುತ್ತಿದ್ದರು. ಸೀರೆಗೇ ಗಾಳಿ ಬೇಕಾಗಿದ್ದ ಮೇಲೆ ಇದಕ್ಕೆ ಬೇಡವೇ? ಕೊಯ್ಯಲಿ ಬಿಡು." ಬಡಗಿಯವರು ಹಲಗೆಯ ಮೇಲೆ ಕೈಯಾಡಿಸಿ, "ಅಮ್ಮಾವರೇ, ಬೆನ್ನನ್ನು ಪೂರ್ತಿ ತೆಗೆದರೆ ಬೀರು ಪಕ್ಕಕ್ಕೆ ವಾಲುತ್ತದೆ. ಸುತ್ತಲೂ ಚೌಕಟ್ಟು ಉಳಿಸಿಕೊಂಡು ನಡುವೆ ಮಾತ್ರ ಬಿಡಿಸೋಣ. ಹಳೇ ಹಲಗೆಗಳನ್ನು ಎತ್ತಿಡಿ, ಬೇಕೆಂದಾಗ ಮತ್ತೆ ಕೂರಿಸಬಹುದು" ಎಂದರು.

ಈ ಮಾತಿನಲ್ಲಿ ಎರಡು ತತ್ತ್ವಗಳಿವೆ. ಮೊದಲನೆಯದು ಬಲದ್ದು. ಬೀರುವಿನ ಬೆನ್ನಿನ ಹಲಗೆಯು ಕೇವಲ ಮರೆಯಲ್ಲ. ನಾಲ್ಕು ಮೂಲೆಗಳನ್ನು ಚೌಕವಾಗಿ ಹಿಡಿದಿಡುವ ಕಟ್ಟು. ಅದನ್ನು ಪೂರ್ತಿಯಾಗಿ ಕಿತ್ತರೆ ಬೀರುವು ಓರೆಯಾಗಿ ಬಾಗಿಲುಗಳು ಕೂಡಿಕೊಳ್ಳುವುದಿಲ್ಲ. ಆದಕಾರಣ ಸುತ್ತಲೂ ಎಂಟು ಹತ್ತು ಸೆಂಟಿಮೀಟರು ಅಗಲದ ಚೌಕಟ್ಟನ್ನು ಉಳಿಸಿ, ಮೂಲೆಗಳಿಗೆ ಒಳಗಿನಿಂದ ಕಬ್ಬಿಣದ ಮೂಲೆಪಟ್ಟಿಗಳನ್ನು ತಿರುಪಿನಿಂದ ಬಿಗಿದೆವು. ಎರಡನೆಯದು ಮರ್ಯಾದೆಯದು. ಹಿರಿಯರ ವಸ್ತುವನ್ನು ತಿದ್ದುವಾಗ ಮತ್ತೆ ಸರಿಪಡಿಸಲಾಗದಂತೆ ತಿದ್ದಬಾರದು. ಬೀರುವಿನ ಮುಂಭಾಗವನ್ನು ನಾವು ಮುಟ್ಟಲೇ ಇಲ್ಲ. ತೆಗೆದ ಹಲಗೆಗಳಿಗೆ ಒಂದು ಎರಡು ಮೂರೆಂದು ಗುರುತು ಹಾಕಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿರಿಸಿದ್ದೇವೆ.

ಬಿಡಿಸಿದ ಜಾಗಕ್ಕೆ ತೆಳುವಾದ ಪ್ಲೈವುಡ್ಡಿನ ಮೂರು ತುಂಡುಗಳನ್ನು ಒಂದರ ಮೇಲೊಂದರಂತೆ ಕೂರಿಸಿದೆವು. ಕೆಳಗಿನ ತುಂಡಿನ ತಳದಲ್ಲಿಯೂ ಮೇಲಿನ ತುಂಡಿನ ತಲೆಯಲ್ಲಿಯೂ ನಾನು ಹೇಳಿದ ಅಳತೆಯ ಸೀಳುಗಳು. ಮೂರನ್ನೂ ಮೊಳೆಯಿಂದ ಹೊಡೆಯದೆ, ಬೆರಳಿನಿಂದ ತಿರುಗಿಸಬಹುದಾದ ಹಿತ್ತಾಳೆಯ ಚಿಲಕಗಳಿಂದ ಹಿಡಿಸಿದೆವು. ಒಳಗಿನ ಖಾನೆಯ ಹಲಗೆಗಳು ಬೆನ್ನಿನವರೆಗೂ ಚಾಚಿಕೊಂಡಿದ್ದುದರಿಂದ ಗಾಳಿಯ ಹಾದಿಯು ಕಟ್ಟಿಹೋಗಿತ್ತು. ಪ್ರತಿಯೊಂದನ್ನೂ ಹಿಂದುಗಡೆ ಐದು ಸೆಂಟಿಮೀಟರು ಕುಗ್ಗಿಸಿದೆವು. ಈ ಕೆಲಸವನ್ನು ಮರೆತರೆ ಮೇಲೆ ಕೆಳಗೆ ಎಷ್ಟು ದ್ವಾರಗಳನ್ನು ಮಾಡಿದರೂ ಪ್ರಯೋಜನವಿಲ್ಲ. ಬೀರುವನ್ನು ಗೋಡೆಯಿಂದ ಹತ್ತು ಸೆಂಟಿಮೀಟರು ಮುಂದಕ್ಕೆ ಸರಿಸಿದೆವು. ಬೆನ್ನು ಗೋಡೆಗೆ ಅಂಟಿಕೊಂಡಿದ್ದರೆ ದ್ವಾರವಿದ್ದೂ ಇಲ್ಲದಂತೆಯೇ.

ಯಂತ್ರಗಳನ್ನು ಜೋಡಿಸುವ ಕ್ರಮವನ್ನೂ ಬದಲಾಯಿಸಿದೆವು. ಹೆಚ್ಚು ಬಿಸಿಯಾಗುವ ಆಂಪ್ಲಿಫೈಯರು ಎಲ್ಲಕ್ಕಿಂತ ಮೇಲೆ. ಅದರ ತಲೆಯ ಮೇಲೆ ಕನಿಷ್ಠಪಕ್ಷ ಒಂದು ಗೇಣು ಬಯಲು. ಒಂದು ಯಂತ್ರದ ಮೇಲೆ ಇನ್ನೊಂದನ್ನು ನೇರವಾಗಿ ಹೇರುವ ಪದ್ಧತಿಯನ್ನು ಬಿಟ್ಟೆವು. ಕ್ಯಾಸೆಟ್ಟುಗಳು ಶಾಖವನ್ನು ಸಹಿಸವು. ಗ್ರಾಮಫೋನ್ ರೆಕಾರ್ಡುಗಳು ಬಿಸಿಗೆ ಬಾಗುತ್ತವೆ. ಆದುದರಿಂದ ಅವುಗಳನ್ನು ಬೀರುವಿನಿಂದಲೇ ಹೊರಗೆ ತೆಗೆದು ಬೇರೊಂದು ಕಪಾಟಿನಲ್ಲಿಟ್ಟೆವು. ತಂದೆಯವರ ಕ್ಯಾಸೆಟ್ಟುಗಳ ಪ್ರತಿಯನ್ನು ಕಂಪ್ಯೂಟರಿನಲ್ಲಿಯೂ ಮಾಡಿಸಿಟ್ಟೆವು. ಆ ಕೆಲಸವನ್ನು ಎಂದೋ ಮಾಡಬೇಕಾಗಿತ್ತು.

ಕೈಗೆ ದಾರಿಮಾಡುವುದೆಂದರೇನು ಎಂಬುದನ್ನು ಈಗ ಹೇಳುತ್ತೇನೆ. ಮೊದಲನೆಯದಾಗಿ, ಬೀರುವಿನ ತಳಕ್ಕೆ ರಬ್ಬರಿನ ಗಾಲಿಗಳನ್ನು ಹಾಕಿಸಿದೆವು. ಮುಂದಿನೆರಡು ಗಾಲಿಗಳಿಗೆ ತಡೆಯುಂಟು. ಎತ್ತರದ ಬೀರು ಉರುಳಿಬೀಳದಂತೆ ಭಾರವಾದ ವಸ್ತುಗಳನ್ನು ಕೆಳಗಿಡಬೇಕೆಂಬುದು ಒಂದು ನಿಯಮ. ಬಿಸಿಯಾಗುವುದನ್ನು ಮೇಲಿಡಬೇಕೆಂಬುದು ಇನ್ನೊಂದು. ಇವೆರಡಕ್ಕೂ ವಿರೋಧ ಬಂದಾಗ ನಡುವಣ ದಾರಿಯನ್ನು ಹಿಡಿದು, ಆಂಪ್ಲಿಫೈಯರನ್ನು ಸೊಂಟದ ಎತ್ತರದಲ್ಲಿಟ್ಟು, ಅದರ ಮೇಲಿನ ಖಾನೆಗಳನ್ನು ಬರಿದಾಗಿಯೇ ಬಿಟ್ಟೆವು. ಮಿಕ್ಕ ಯಂತ್ರಗಳು ಅದರ ಕೆಳಗೆ. ಸೊಂಟದ ಎತ್ತರದಲ್ಲಿರುವುದರಿಂದ ತಾಯಿಯವರು ಬಗ್ಗುವ ಅಗತ್ಯವೂ ಇಲ್ಲವಾಯಿತು. ಎರಡನೆಯದಾಗಿ, ಪ್ರತಿಯೊಂದು ತಂತಿಯನ್ನೂ ಒಂದು ಮೊಳ ಹೆಚ್ಚಾಗಿ ಬಿಟ್ಟು ಸುರುಳಿಮಾಡಿ ಕಟ್ಟಿದೆವು. ತಂತಿಯು ಬಿಗಿಯಾಗಿದ್ದರೆ ಯಂತ್ರವನ್ನು ಮುಂದಕ್ಕೆಳೆಯುವಾಗ ಅದು ಕಿತ್ತುಬರುತ್ತದೆ. ಪ್ರತಿ ತಂತಿಯ ಎರಡು ತುದಿಗಳಿಗೂ ಚೀಟಿಯನ್ನು ಕಟ್ಟಿ, ಎಲ್ಲಿಂದ ಎಲ್ಲಿಗೆ ಎಂಬುದನ್ನು ಕನ್ನಡದಲ್ಲಿ ಬರೆದೆವು. ಮನೆಯ ವಿದ್ಯುತ್ತಿನ ತಂತಿಗಳನ್ನು ಒಂದು ಬದಿಗೂ ಸಂಗೀತದ ತಂತಿಗಳನ್ನು ಇನ್ನೊಂದು ಬದಿಗೂ ಸಾಗಿಸಿದರೆ ಸ್ಪೀಕರಿನಲ್ಲಿ ಗುಂಯ್ಗುಡುವ ಸದ್ದು ಕಡಿಮೆಯಾಗುತ್ತದೆ. ಮೂರನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಬೀರುವಿನ ಪಕ್ಕದ ಗೋಡೆಯಲ್ಲಿ, ನಿಂತವರ ಕೈಗೆ ಸುಲಭವಾಗಿ ಸಿಕ್ಕುವಂತೆ, ಎಲ್ಲವನ್ನೂ ಒಮ್ಮೆಗೇ ಆರಿಸುವ ಒಂದು ದೊಡ್ಡ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ನರಿಂದ ಹಾಕಿಸಿದೆವು. ಆಪತ್ತು ಬಂದಾಗ ಎಟುಕದ ಸ್ವಿಚ್ಚು ಸ್ವಿಚ್ಚೇ ಅಲ್ಲ.

ಕೆಲವರ ಬೀರು ತಗ್ಗಾಗಿರುತ್ತದೆ; ಕೆಲವರ ಯಂತ್ರಗಳು ನೂರಾರು ವಾಟ್ ಹೀರುತ್ತವೆ. ಅಂಥವರಿಗೆ ತಾನಾಗಿ ಹರಿಯುವ ಗಾಳಿಯು ಸಾಲದು. ಕಂಪ್ಯೂಟರಿನಲ್ಲಿ ಬಳಸುವ ೧೨೦ ಮಿಲಿಮೀಟರಿನ, ೧೨ ವೋಲ್ಟಿನ ಚಿಕ್ಕ ಫ್ಯಾನನ್ನು ಮೇಲಿನ ದ್ವಾರಕ್ಕೆ, ಬಿಸಿಗಾಳಿಯನ್ನು ಹೊರಕ್ಕೆ ತಳ್ಳುವಂತೆ ಜೋಡಿಸಬೇಕು. ಆದರೆ ಫ್ಯಾನಿನ ಸದ್ದು ತಂಬೂರಿಯ ಶ್ರುತಿಯ ನಡುವೆ ಕೇಳಿಸಿದರೆ ಆ ಉಪಕಾರವೇ ಅಪಕಾರವಾದೀತು. ಇದಕ್ಕೆ ಉಪಾಯವೆಂದರೆ ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸುವುದು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯೂ ಅರ್ಧವಾಗುತ್ತದೆ ನಿಜ. ಆದರೆ ಸದ್ದು ಸುಮಾರು ೧೫ ಡೆಸಿಬೆಲ್ಲಿನಷ್ಟು ಇಳಿಯುತ್ತದೆ. ಫ್ಯಾನಿಗೂ ಮರಕ್ಕೂ ನಡುವೆ ರಬ್ಬರಿನ ಬಿಲ್ಲೆಗಳಿರಲಿ. ಇಲ್ಲದಿದ್ದರೆ ಅದರ ಅದುರುವಿಕೆಯು ಹಲಗೆಯ ಮೂಲಕ ರೆಕಾರ್ಡಿನ ಮುಳ್ಳಿನವರೆಗೂ ಹೋಗುತ್ತದೆ. ಒಳಗಿನ ಉಷ್ಣತೆಯು ೪೦ ಡಿಗ್ರಿ ಮುಟ್ಟಿದಾಗ ಮಾತ್ರ ತಿರುಗಿಸುವ ಸಣ್ಣ ಸ್ವಿಚ್ಚುಗಳು ಅಂಗಡಿಗಳಲ್ಲಿ ದೊರೆಯುತ್ತವೆ.

ಗಾಳಿಯ ಸಂಗಡ ಧೂಳೂ ಜಿರಲೆಯೂ ಹಲ್ಲಿಯೂ ಬರುವುವು. ಎರಡು ಮೂರು ಮಿಲಿಮೀಟರು ಕಣ್ಣಿನ ಲೋಹದ ಜಾಲರಿಯು ಹುಳುಹುಪ್ಪಟೆಗಳನ್ನು ತಡೆಯುತ್ತದೆ. ಅದಕ್ಕಿಂತ ಸಣ್ಣ ಕಣ್ಣಿನದು ಬೇಗನೆ ಧೂಳಿನಿಂದ ಮುಚ್ಚಿಹೋಗುತ್ತದೆ. ತಿಂಗಳಿಗೊಮ್ಮೆ ಚಿಲಕವನ್ನು ತಿರುಗಿಸಿ, ತುಂಡುಗಳನ್ನು ತೆಗೆದು, ಜಾಲರಿಯನ್ನು ಬ್ರಷ್ಷಿನಿಂದ ಒರಸಿದರೆ ಸಾಕು. ಇಲ್ಲಿ ಗಾಳಿಯ ದಾರಿಯೂ ಕೈಯ ದಾರಿಯೂ ಒಂದಾಗುವುದನ್ನು ತಾವು ಗಮನಿಸಬೇಕು. ಬೆನ್ನನ್ನು ತೆಗೆಯುವುದು ಸುಲಭವಾಗಿದ್ದರೆ ತಿಂಗಳಿಗೊಮ್ಮೆ ತೆಗೆಯುತ್ತೇವೆ. ಇಪ್ಪತ್ತು ತಿರುಪುಗಳನ್ನು ಬಿಚ್ಚಬೇಕಾಗಿದ್ದರೆ ವರ್ಷಕ್ಕೊಮ್ಮೆಯೂ ತೆಗೆಯುವುದಿಲ್ಲ. ಕೈಯಾಡದ ಕಡೆ ಗಾಳಿಯೂ ಬಹುದಿನ ಆಡುವುದಿಲ್ಲ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕಾಗಿದೆ. ಕೊಯ್ಯುವ ಕೊರೆಯುವ ಕೆಲಸಕ್ಕೆ ಮೊದಲು ಯಂತ್ರಗಳನ್ನೆಲ್ಲ ಹೊರಗೆ ತೆಗೆಯಬೇಕು. ಮರದ ಪುಡಿಯು ಅವುಗಳ ಶತ್ರು. ಪ್ಲಗ್ಗನ್ನು ಕಿತ್ತ ಮೇಲೂ ಆಂಪ್ಲಿಫೈಯರಿನ ಒಳಗೆ ವಿದ್ಯುತ್ತು ಸ್ವಲ್ಪ ಕಾಲ ನಿಂತಿರುವುದರಿಂದ ಅದರ ಸ್ವಂತ ಮುಚ್ಚಳವನ್ನು ತಿಳಿಯದವರು ತೆರೆಯಕೂಡದು. ಯಂತ್ರದ ಮೇಲಿರುವ ತೂತುಗಳ ಮೇಲೆ ಕಸೂತಿಯ ಬಟ್ಟೆಯನ್ನು ಹಾಸಿ ಹೂದಾನಿಯನ್ನಿಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅದನ್ನು ಇಂದೇ ತೆಗೆಯುವುದು ಒಳ್ಳೆಯದು. ಇನ್ನೊಂದು ಮುಖ್ಯವಾದ ಮಾತು: ಗಾಳಿಯ ದ್ವಾರಗಳು ಯಂತ್ರಗಳ ಬೀರುವಿಗೆ ಮಾತ್ರ, ಸ್ಪೀಕರಿನ ಪೆಟ್ಟಿಗೆಗೆ ಅಲ್ಲ. ಸ್ಪೀಕರಿನ ಪೆಟ್ಟಿಗೆಯೊಳಗಿನ ಗಾಳಿಯನ್ನು ಲೆಕ್ಕಹಾಕಿ ಹಿಡಿದಿಟ್ಟಿರುತ್ತಾರೆ. ಅದಕ್ಕೆ ತೂತು ಮಾಡಿದರೆ ಮೃದಂಗದ ಮುಚ್ಚಿಗೆಯನ್ನು ಹರಿದಂತೆ, ಕೆಳದನಿಯು ಕೆಟ್ಟುಹೋಗುತ್ತದೆ.

ಕೆಲಸವು ಫಲಿಸಿತೇ ಎಂಬುದನ್ನು ಪರೀಕ್ಷಿಸುವುದಕ್ಕೆ ದೊಡ್ಡ ಸಾಧನಗಳು ಬೇಡ. ಯಂತ್ರವನ್ನು ಒಂದು ಗಂಟೆ ನುಡಿಸಿದ ಮೇಲೆ, ಬಾಗಿಲನ್ನು ಮುಚ್ಚಿ, ಫ್ಯಾನುಗಳನ್ನೆಲ್ಲ ನಿಲ್ಲಿಸಿ, ಒಂದು ಊದುಬತ್ತಿಯನ್ನು ಹಚ್ಚಿ ಬೀರುವಿನ ಹೊರಗೆ ಕೆಳಗಿನ ದ್ವಾರದ ಬಳಿ ಹಿಡಿಯಿರಿ. ಹೊಗೆಯು ಒಳಕ್ಕೆ ಬಾಗಿ ಹೋದರೆ ಗಾಳಿಯು ಸರಿಯಾದ ದಾರಿಯಲ್ಲಿದೆ. ನೆಟ್ಟಗೆ ಮೇಲಕ್ಕೆ ಹೋದರೆ ಒಳಗೆ ಎಲ್ಲಿಯೋ ತಡೆಯಿದೆ. ಕಿಡಿಯು ಮರಕ್ಕೂ ತಂತಿಗಳಿಗೂ ತಾಗದಂತೆ ನೋಡಿಕೊಳ್ಳಬೇಕು. ಆಮೇಲೆ ಉಷ್ಣಮಾಪಕವನ್ನು ಒಳಗಿಟ್ಟು, ತಿದ್ದುವ ಮೊದಲಿನ ಅಂಕಿಯನ್ನೂ ತಿದ್ದಿದ ಮೇಲಿನ ಅಂಕಿಯನ್ನೂ ಹೋಲಿಸಿರಿ. ನಮ್ಮಲ್ಲಿ, ಕೋಣೆಯು ಮತ್ತೆ ೩೩ ಡಿಗ್ರಿಯಿದ್ದ ಒಂದು ದಿನ, ೫೨ ಇದ್ದುದು ೪೨ಕ್ಕೆ ಇಳಿದಿತ್ತು. ಫ್ಯಾನು ಬೇಕಾಗಲಿಲ್ಲ.

ಆಂಪ್ಲಿಫೈಯರು ರಿಪೇರಿಯಾಗಿ ಬಂದ ಮರುದಿನ ತಾಯಿಯವರನ್ನು ಬೀರುವಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಚಿಲಕಗಳನ್ನು ಅವರ ಕೈಯಿಂದಲೇ ತಿರುಗಿಸಿಸಿ, ಒಳಗೆ ಏನೇನಿದೆಯೆಂದು ತೋರಿಸಿದೆನು. ಚೀಟಿಗಳನ್ನು ಒಂದೊಂದಾಗಿ ಓದಿ ನೋಡಿದರು. "ಇಷ್ಟೇಯೇ?" ಎಂದರು. ಯಂತ್ರವು ನಿಂತರೆ ಗೋಡೆಯ ಸ್ವಿಚ್ಚನ್ನು ಆರಿಸುವುದು, ಬಾಗಿಲನ್ನು ತೆರೆಯುವುದು, ಅರ್ಧ ಗಂಟೆ ಕಾಯುವುದು, ಸುಟ್ಟ ವಾಸನೆ ಬಂದರೆ ಮತ್ತೆ ಹಾಕದೆ ನನ್ನನ್ನು ಕರೆಯುವುದು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಬಾಗಿಲಿನ ಒಳಬದಿಗೆ ಅಂಟಿಸಿದೆವು. ಈಗ ಬೆಳಗಿನ ಜಾವದಲ್ಲಿ ನಮ್ಮ ಮನೆಯಲ್ಲಿ ಮತ್ತೆ ಪಿಟೀಲು ಕೇಳಿಸುತ್ತದೆ.

ಮನೆಗೆ ತಂದ ಯಂತ್ರವು ಮನೆಯವರೆಲ್ಲರ ಕೈಗೂ ಎಟುಕಬೇಕು, ಮನೆಯವರೆಲ್ಲರಿಗೂ ಅರ್ಥವಾಗಬೇಕು. ಅಂದವು ಅದಾದ ಮೇಲಿನದು. ತಮ್ಮಲ್ಲಿಯೂ ಇಂಥ ಬೀರು ಇದ್ದರೆ, ಈ ರಾತ್ರಿ ಸಂಗೀತವು ಮುಗಿದ ಮೇಲೆ ಅದರ ಬಾಗಿಲನ್ನು ತೆರೆದು, ಆಂಪ್ಲಿಫೈಯರಿನ ಮೇಲ್ಗಡೆಯ ಗಾಳಿಗೆ ಒಮ್ಮೆ ಅಂಗೈಯನ್ನು ಒಡ್ಡಿ ನೋಡಿರಿ. ಒಲೆಯ ಮುಂದೆ ನಿಂತಂತೆ ತೋರಿದರೆ ಬಡಗಿಯವರಿಗೆ ಹೇಳಿಕಳುಹಿಸುವುದನ್ನು ಬೇಸಿಗೆಯವರೆಗೆ ಮುಂದಕ್ಕೆ ಹಾಕಬೇಡಿರಿ.